ಸಂಜೆಗೆ ಇಬ್ಬರೂ ಒಂದೇ ಸಮ ಸುಸ್ತಾಗಬೇಕು: ಯುರೋಪಿನಲ್ಲಿ ಜೋಡಿಯಾಗಿ ಸೈಕಲ್ ಪ್ರವಾಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಯುರೋಪಿನಲ್ಲಿ ಸೈಕಲ್ ಮೇಲೆ ಊರೂರು ಸುತ್ತಬೇಕು ಅಂತ ಹೊರಡುವ ಗಂಡ-ಹೆಂಡತಿ ಮೊದಲು ಕೇಳುವುದು ಯಾವ ಸೈಕಲ್, ಎಷ್ಟು ಖರ್ಚು, ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ. ಅವನ್ನೆಲ್ಲ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಯೋಚಿಸಬೇಕಾದ ವಿಷಯ ಒಂದಿದೆ. ಇಬ್ಬರ ಕಾಲಿನ ಶಕ್ತಿ ಒಂದೇ ಇರುವುದಿಲ್ಲ. ಒಬ್ಬರು ಸಲೀಸಾಗಿ ಏರು ಹತ್ತಿ ಮೇಲೆ ಕಾಯುತ್ತಾ ನಿಲ್ಲುತ್ತಾರೆ. ಇನ್ನೊಬ್ಬರು ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಮೊದಲಿನವರ ದಣಿವು ಆರಿರುತ್ತದೆ, 'ಹೊರಡೋಣ್ವಾ?' ಅಂತಾರೆ. ಹಿಂದೆ ಬಂದವರಿಗೆ ಇಡೀ ದಿನ ವಿಶ್ರಾಂತಿಯೇ ಸಿಗುವುದಿಲ್ಲ. ಹೀಗೆ ಎರಡು ಮೂರು ದಿನ ನಡೆದರೆ ಮಾತುಕತೆಯೇ ಕಡಿಮೆಯಾಗುತ್ತದೆ.

ಹಾಗಾಗಿ ದಾರಿ, ಸೈಕಲ್, ಸಾಮಾನು, ತಂಗುವ ಜಾಗ ಯಾವುದನ್ನೇ ಆರಿಸುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಸಂಜೆ ಹೊತ್ತಿಗೆ ಇಬ್ಬರೂ ಒಂದೇ ಸಮ ಸುಸ್ತಾಗಿರುತ್ತೇವಾ? ಈ ಬರಹದ ಉದ್ದಕ್ಕೂ ನಾನು ಹೇಳುವ ಬಹುಪಾಲು ಸಲಹೆ ಇದರಿಂದಲೇ ಬಂದಿದ್ದು.

ಮೊದಲ ಹೆಜ್ಜೆ: ನದಿ ಹಿಡಿದು ಹೋಗುವ ದಾರಿ ಆರಿಸಿ

ಯುರೋಪಿನ ಉದ್ದಗಲಕ್ಕೂ ಯುರೋವೆಲೋ ಹೆಸರಿನ 17 ದೂರದ ಸೈಕಲ್ ದಾರಿಗಳಿವೆ. ನೀಲಿ ಫಲಕದಲ್ಲಿ ನಕ್ಷತ್ರಗಳ ವೃತ್ತ, ಅದರ ನಡುವೆ ದಾರಿಯ ಸಂಖ್ಯೆ ಇರುತ್ತದೆ. ಯುರೋವೆಲೋ 15 ಸ್ವಿಟ್ಜರ್ಲೆಂಡಿನ ಬೆಟ್ಟಗಳಿಂದ ರೈನ್ ನದಿ ಹಿಡಿದು ನೆದರ್‌ಲೆಂಡ್ಸ್‌ನ ಕಡಲವರೆಗೆ ಇಳಿಯುತ್ತದೆ. ಯುರೋವೆಲೋ 6 ಫ್ರಾನ್ಸಿನ ಅಟ್ಲಾಂಟಿಕ್ ತೀರದಲ್ಲಿ ಶುರುವಾಗಿ, ಲ್ವಾರ್, ರೈನ್, ಡ್ಯಾನ್ಯೂಬ್ ನದಿಗಳ ಪಕ್ಕದಲ್ಲೇ ಸಾಗಿ, ರೊಮೇನಿಯಾದ ಕಪ್ಪು ಸಮುದ್ರ ಮುಟ್ಟುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ಏರೇ ಇಲ್ಲ ಅಂತ ಬಹಳ ಜನ ಅಲ್ಲಿಂದ ಶುರು ಮಾಡುತ್ತಾರೆ. ಆದರೆ ಅಲ್ಲಿ ಗಾಳಿ ಜೋರು. ಏರು ಎಷ್ಟೇ ಕಡಿದಾದರೂ ಒಂದು ಕಡೆ ಮುಗಿಯುತ್ತದೆ, ಎದುರು ಗಾಳಿ ಮಾತ್ರ ಇಡೀ ದಿನ ಬಿಡುವುದಿಲ್ಲ.

ಮೊದಲ ಸಲಕ್ಕೆ ನನ್ನ ಸಲಹೆ ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾವರೆಗಿನ ಡ್ಯಾನ್ಯೂಬ್ ದಾರಿ. ಸುಮಾರು 320 ಕಿಲೋಮೀಟರ್. ನದಿ ಹರಿಯುವ ಕಡೆಗೇ ಹೋಗುವುದರಿಂದ ಒಟ್ಟಾರೆ ಸಣ್ಣ ಇಳಿಜಾರು. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಪೂರ್ವಕ್ಕೆ ಹೋಗುವವರಿಗೆ ಬೆನ್ನಿಗೆ ಬಲ. ಹಿಂದೆ ಕುದುರೆಗಳು ದೋಣಿ ಎಳೆಯಲು ನಡೆಯುತ್ತಿದ್ದ ನದಿದಂಡೆಯ ದಾರಿಯೇ ಎಷ್ಟೋ ಕಡೆ ಈಗ ಡಾಂಬರು ಹಾಕಿದ ಸೈಕಲ್ ದಾರಿಯಾಗಿದೆ. ಬಹುಪಾಲು ಎರಡೂ ದಡದಲ್ಲಿ ದಾರಿಯಿದೆ. ಸೇತುವೆ, ವಿದ್ಯುತ್ ಅಣೆಕಟ್ಟಿನ ಮೇಲಿನ ದಾರಿ ಅಥವಾ ಸೈಕಲ್ ಹತ್ತಿಸಿಕೊಳ್ಳುವ ಪುಟ್ಟ ದೋಣಿ ಹಿಡಿದು ದಡ ಬದಲಿಸಬಹುದು.

ನಾನಾಗಿದ್ದರೆ ಏಳು ದಿನಕ್ಕೆ ಹೀಗೆ ಹಂಚುತ್ತೇನೆ. ಪಾಸೌನಿಂದ ಷ್ಲೋಗನ್‌ಗೆ 40 ಕಿಲೋಮೀಟರ್ ಆಸುಪಾಸು. ಮೊದಲ ದಿನ ಇದಕ್ಕಿಂತ ಜಾಸ್ತಿ ಬೇಡ. ಷ್ಲೋಗನ್‌ನಲ್ಲಿ ಡ್ಯಾನ್ಯೂಬ್ ಬೆಟ್ಟಕ್ಕೆ ಸಿಕ್ಕಿಕೊಂಡು ಪೂರ್ತಿ ಹಿಂದಕ್ಕೆ ತಿರುಗಿ ಹರಿಯುತ್ತದೆ. ಸೈಕಲ್ ಕೆಳಗೆ ಬೀಗ ಹಾಕಿಟ್ಟು ಕಾಡಿನ ಕಾಲುದಾರಿಯಲ್ಲಿ ಅರ್ಧ ಗಂಟೆ ಹತ್ತಿದರೆ ಆ ತಿರುವು ಇಡಿಯಾಗಿ ಕಾಣುತ್ತದೆ. ಎರಡನೇ ದಿನ ಲಿಂಟ್ಸ್, ಮೂರನೇ ದಿನ ಗ್ರೈನ್, ನಾಲ್ಕನೇ ದಿನ ಮೆಲ್ಕ್. ಐದನೇ ದಿನ ಮೆಲ್ಕ್‌ನಿಂದ ಕ್ರೆಮ್ಸ್‌ಗೆ ಬರೀ 36 ಕಿಲೋಮೀಟರ್ ಇಟ್ಟುಕೊಳ್ಳಿ. ಅದು ವಾಖಾವ್ ಕಣಿವೆ, 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಕಲ್ಲಿನ ಗೋಡೆ ಕಟ್ಟಿದ ದ್ರಾಕ್ಷಿ ತೋಟಗಳು, ಜುಲೈನಲ್ಲಿ ಹೋದರೆ ದಾರಿ ಬದಿಯಲ್ಲೇ ಮಾರುವ ಏಪ್ರಿಕಾಟ್ ಹಣ್ಣು. ಇಂಗ್ಲೆಂಡಿನ ರಾಜ ಮೊದಲನೇ ರಿಚರ್ಡ್‌ನನ್ನು 1192ರ ಕೊನೆಯಲ್ಲಿ ಸೆರೆಯಿಟ್ಟಿದ್ದ ಡ್ಯೂರ್ನ್‌ಸ್ಟೈನ್ ಕೋಟೆಯೂ ಇಲ್ಲೇ ಇದೆ. ಇಂಥ ದಾರಿಯನ್ನು ಎರಡು ಗಂಟೆಯಲ್ಲಿ ತುಳಿದು ಮುಗಿಸಿದರೆ ಹೋಗಿದ್ದಾದರೂ ಯಾಕೆ ಅಲ್ವಾ? ಆರನೇ ದಿನ ಟುಲ್ನ್, ಏಳನೇ ದಿನ ವಿಯೆನ್ನಾ.

ಇನ್ನೂ ಸಮಯ ಇದ್ದರೆ ವಿಯೆನ್ನಾದಿಂದ ಬ್ರಾಟಿಸ್ಲಾವಾ ಒಂದೇ ದಿನದ ದಾರಿ, ಅಲ್ಲಿಂದ ಬುಡಾಪೆಸ್ಟ್‌ಗೆ ನಾಲ್ಕೈದು ದಿನ. ಆ ಕಡೆ ಸೈಕಲ್ ದಾರಿ ಅಲ್ಲಲ್ಲಿ ತುಂಡಾಗಿ ವಾಹನ ಓಡಾಡುವ ರಸ್ತೆಗೆ ಸೇರುತ್ತದೆ. ಅದಕ್ಕೆ ಇಬ್ಬರೂ ಸಿದ್ಧ ಇದ್ದೀರಾ ಅಂತ ಮೊದಲೇ ಮಾತಾಡಿಕೊಳ್ಳಿ.

ಹೋಗಲು ಒಳ್ಳೆಯ ಕಾಲ ಮೇ ಕೊನೆಯಿಂದ ಜೂನ್ ಕೊನೆ, ಆಮೇಲೆ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ನಿಧಾನ ಹೋಗುವವರಿಗೆ ಕತ್ತಲಾಯಿತೆಂಬ ಆತಂಕ ಇರುವುದಿಲ್ಲ. ಜುಲೈ, ಆಗಸ್ಟ್ ಅಲ್ಲಿನವರ ರಜೆಯ ಕಾಲ. ಬಿಸಿಲೂ ಜಾಸ್ತಿ, ರೂಮು ಸಿಗುವುದೂ ಕಷ್ಟ.

ವೀಸಾ ಕೆಲಸ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ ಬೇಕು. 180 ದಿನಗಳ ಅವಧಿಯಲ್ಲಿ ಗರಿಷ್ಠ 90 ದಿನ ಇರಬಹುದು. ಎಷ್ಟು ದಿನ ಅಂತ ನಿಮ್ಮ ವೀಸಾದ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಪಾಸೌ–ವಿಯೆನ್ನಾ ದಾರಿಯಾದರೆ ಅದು ಸಾಮಾನ್ಯವಾಗಿ ಆಸ್ಟ್ರಿಯಾ. ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ಕೊನೆಯ ಗಳಿಗೆಯವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಅದರಲ್ಲಿ ಸೈಕಲ್ ಪ್ರವಾಸ ಸೇರಿದೆಯೇ ಅಂತ ಓದಿ ನೋಡಿ. ಅರ್ಜಿಯ ಜೊತೆ ದಿನಕ್ಕೊಂದು ಸಾಲಿನಂತೆ ಊರು, ದೂರ, ತಂಗುವ ಜಾಗ ಬರೆದ ಪಟ್ಟಿ ಕೊಡಿ.

ಬುಡಾಪೆಸ್ಟ್ ದಾಟಿ ಕೆಳಗೆ ಹೋಗುವವರು ಗಮನಿಸಬೇಕಾದ್ದು: ಸರ್ಬಿಯಾ ಷೆಂಗೆನ್ ಒಳಗಿಲ್ಲ. ಒಂದೇ ಪ್ರವೇಶದ ವೀಸಾ ಇದ್ದರೆ ಅಲ್ಲಿಗೆ ಕಾಲಿಟ್ಟ ಮೇಲೆ ಅದರಲ್ಲೇ ವಾಪಸ್ ಒಳಗೆ ಬರಲಾಗದು.

ಎರಡನೇ ಹೆಜ್ಜೆ: ಸೈಕಲ್

ಒಂದೆರಡು ವಾರದ ಪ್ರವಾಸಕ್ಕೆ ಬಾಡಿಗೆ ಸೈಕಲ್ಲೇ ಒಳ್ಳೆಯದು. ಪಾಸೌನಲ್ಲಿ ತೆಗೆದುಕೊಂಡು ವಿಯೆನ್ನಾದಲ್ಲಿ ಬಿಟ್ಟು ಹೋಗುವ ವ್ಯವಸ್ಥೆ ಇದೆ. ಬಾಡಿಗೆ ಮಾಡುವಾಗ ಇಬ್ಬರ ಎತ್ತರವನ್ನೂ ಸರಿಯಾಗಿ ಹೇಳಿ, ಹಿಂದಿನ ಕ್ಯಾರಿಯರ್ ಗಟ್ಟಿ ಇರಲಿ.

ಇಬ್ಬರ ಶಕ್ತಿಯಲ್ಲಿ ತುಂಬಾ ವ್ಯತ್ಯಾಸ ಇದ್ದರೆ ಒಬ್ಬರು ಇ-ಬೈಕ್ ತೆಗೆದುಕೊಳ್ಳಿ. ಸಂಕೋಚ ಬೇಡವೇ ಬೇಡ. ಯುರೋಪಿಯನ್ ಒಕ್ಕೂಟದಲ್ಲಿ 250 ವ್ಯಾಟ್ ಮೋಟಾರಿನ, ಗಂಟೆಗೆ 25 ಕಿಲೋಮೀಟರ್‌ವರೆಗೆ ಮಾತ್ರ ನೆರವು ಕೊಡುವ ಇ-ಬೈಕನ್ನು ಮಾಮೂಲಿ ಸೈಕಲ್ ಹಾಗೆಯೇ ನೋಡುತ್ತಾರೆ, ಲೈಸೆನ್ಸ್ ಬೇಡ. ಅದರ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ, ಹಾಗಾಗಿ ಅಲ್ಲೇ ಬಾಡಿಗೆಗೆ ಪಡೆಯಬೇಕು. ಇಬ್ಬರೂ ಒಂದೇ ಸೈಕಲ್ ತುಳಿಯುವ ಟ್ಯಾಂಡಮ್‌ನಲ್ಲಿ ಹಿಂದೆ ಬೀಳುವ ಪ್ರಶ್ನೆಯೇ ಇಲ್ಲ. ಆದರೆ ಅದನ್ನು ರೈಲಿಗೆ ಹತ್ತಿಸಲು ಎಷ್ಟೋ ಕಡೆ ಬಿಡುವುದಿಲ್ಲ.

ಸ್ವಂತ ಸೈಕಲ್ ಒಯ್ಯುವವರು ಮೂರು ವಿಷಯ ನೋಡಿ. ಗೇರು ಎಷ್ಟು ಹಗುರಕ್ಕೆ ಇಳಿಯುತ್ತದೆ ಅನ್ನುವುದು ಮೊದಲನೆಯದು. ಪೆಡಲ್ ಬಳಿಯ ಚಿಕ್ಕ ಹಲ್ಲುಚಕ್ರದ ಹಲ್ಲು, ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರದ ಹಲ್ಲಿಗೆ ಸಮ ಅಥವಾ ಕಡಿಮೆ ಇರಬೇಕು. ಟೈರು 38ರಿಂದ 47 ಮಿಲಿಮೀಟರ್ ಅಗಲ ಇದ್ದರೆ ಡಾಂಬರಿನಲ್ಲೂ ಓಡುತ್ತದೆ, ಜಲ್ಲಿಕಲ್ಲಿನಲ್ಲೂ ನಿಲ್ಲುತ್ತದೆ. ಸೀಟು ಮಾತ್ರ ನಿಮಗೆ ಈಗಾಗಲೇ ಒಗ್ಗಿದ್ದೇ ಆಗಿರಲಿ. ಹೊರಡುವ ವಾರ ಹೊಸ ಸೀಟು ಹಾಕಿಸಬೇಡಿ.

ಮೂರನೇ ಹೆಜ್ಜೆ: ತೂಕ ಹಂಚುವುದು

ಇದು ಇಡೀ ತಯಾರಿಯಲ್ಲಿ ಮುಖ್ಯವಾದ್ದು, ಜನ ಜಾಸ್ತಿ ಕಡೆಗಣಿಸುವುದೂ ಇದನ್ನೇ.

ಟೆಂಟ್ ಹಾಕುವ ಜೋಡಿಗೆ ನೀರು, ತಿಂಡಿ ಬಿಟ್ಟು ಒಟ್ಟು 25 ಕಿಲೋ ಸಾಕು. ರೂಮಿನಲ್ಲೇ ತಂಗುವವರಿಗೆ 15 ಕಿಲೋ ದಾಟಬಾರದು. ಈ 25 ಕಿಲೋವನ್ನು ಹನ್ನೆರಡೂವರೆ, ಹನ್ನೆರಡೂವರೆ ಅಂತ ಪಾಲು ಮಾಡುವುದು ನೋಡಲು ನ್ಯಾಯ, ರಸ್ತೆಯಲ್ಲಿ ಅನ್ಯಾಯ. ಬಲವಾದವರಿಗೆ 16, ಇನ್ನೊಬ್ಬರಿಗೆ 9 ಇಟ್ಟು ಶುರು ಮಾಡಿ. ಮೊದಲ ಮೂರು ಸಂಜೆ ಇಬ್ಬರೂ ಹತ್ತಕ್ಕೆ ಎಷ್ಟು ಸುಸ್ತು ಅಂತ ಒಂದು ಅಂಕಿ ಹೇಳಿ. ಒಬ್ಬರು 8, ಇನ್ನೊಬ್ಬರು 5 ಅಂದರೆ ಮರುದಿನ ಬೆಳಗ್ಗೆ ಎರಡು ಕಿಲೋ ಆಚೆಯಿಂದ ಈಚೆಗೆ ಬರಲಿ. ಅದಕ್ಕೆ ಬೇಕಾದಂತೆ ಸುಲಭವಾಗಿ ಎತ್ತಿಡಬಹುದಾದ ಭಾರಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ: ರಿಪೇರಿ ಚೀಲ, ಅಡುಗೆ ಸಾಮಾನು, ಬೀಗ, ಹೆಚ್ಚುವರಿ ನೀರು. ಇವು ಪ್ರತಿದಿನ ಸೈಕಲ್ಲಿಂದ ಸೈಕಲ್ಲಿಗೆ ಓಡಾಡಲಿ. ಅಂಕಿಯಲ್ಲಿ ಹೇಳುವುದರಿಂದ ಇನ್ನೊಂದು ಅನುಕೂಲ ಇದೆ. 'ನೀನು ಜೋರಾಗಿ ಹೋಗ್ತೀಯ' ಅನ್ನುವ ದೂರಿಗೆ ಜಾಗವೇ ಇರುವುದಿಲ್ಲ.

ಕೆಲವು ವಸ್ತುಗಳನ್ನು ಮಾತ್ರ ಒಬ್ಬರ ಹತ್ತಿರವೇ ಇಡಬಾರದು. ಮಳೆ ಜಾಕೆಟ್, ನೀರಿನ ಬಾಟಲಿ, ತಿನ್ನಲು ಏನಾದರೂ, ಫೋನು, ಸ್ವಲ್ಪ ನಗದು, ಪಾಸ್‌ಪೋರ್ಟಿನ ಪ್ರತಿ, ಒಂದು ಟ್ಯೂಬು ಇಬ್ಬರ ಚೀಲದಲ್ಲೂ ಇರಲಿ. ಊರೊಳಗೆ ದಾರಿ ತಪ್ಪಿ ಬೇರೆಯಾದರೆ ಇಬ್ಬರೂ ನಿಶ್ಚಿಂತೆಯಿಂದ ಇರಬಹುದು.

ಕ್ಯಾರಿಯರ್‌ನ ಎರಡು ಬದಿಗೆ ಸಿಕ್ಕಿಸುವ, ಬಾಯಿ ಸುರುಳಿ ಸುತ್ತಿ ಮುಚ್ಚುವ, ನೀರು ಇಳಿಯದ ಚೀಲಗಳನ್ನೇ ಕೊಳ್ಳಿ. ಭಾರದ ವಸ್ತು ಕೆಳಗೆ, ಹಗುರವಾದ್ದು ಮೇಲೆ. ಎಡ-ಬಲ ಸಮ ಇರಲಿ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ತುಳಿಯಬೇಡಿ, ಮಧ್ಯಾಹ್ನದ ಹೊತ್ತಿಗೆ ಭುಜ, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ. ಬಟ್ಟೆ ವಿಷಯಕ್ಕೆ ಬಂದರೆ ತುಳಿಯಲು ಎರಡು ಜೊತೆ, ಸಂಜೆಗೆ ಒಂದು ಜೊತೆ, ಒಂದು ಬೆಚ್ಚನೆಯ ಅಂಗಿ. ದಿನಾ ಒಂದು ಜೊತೆ ಒಗೆದು ಹಾಕಿದರೆ ಮುಗಿಯಿತು.

ಹೊರಡುವ ಮುನ್ನ ಇದೇ ಸೈಕಲ್ ಅಥವಾ ಇಂಥದ್ದೇ ಸೈಕಲ್ ಮೇಲೆ, ಇದೇ ತೂಕ ಹೇರಿಕೊಂಡು, ಸತತ ಎರಡು ದಿನ 40-50 ಕಿಲೋಮೀಟರ್ ತುಳಿದು ನೋಡಿ. ಒಂದು ದಿನ ಯಾರು ಬೇಕಾದರೂ ತುಳಿಯುತ್ತಾರೆ. ಎರಡನೇ ದಿನ ಬೆಳಗ್ಗೆ ಮತ್ತೆ ಸೀಟಿನ ಮೇಲೆ ಕೂತಾಗಲೇ ನಿಜ ಗೊತ್ತಾಗುವುದು.

ನಾಲ್ಕನೇ ಹೆಜ್ಜೆ: ದಾರಿಯಲ್ಲಿ ಇಬ್ಬರ ನಡುವಿನ ನಿಯಮಗಳು

ಮಾಮೂಲಿ ದಾರಿಯಲ್ಲಿ ನಿಧಾನ ಹೋಗುವವರು ಮುಂದೆ ಇರಲಿ, ಅವರ ವೇಗವೇ ಇಬ್ಬರ ವೇಗ. ಎದುರು ಗಾಳಿ ಬಂದಾಗ ಜಾಗ ಬದಲಿಸಿ. ಬಲವಾದವರು ಮುಂದೆ ಹೋಗಿ ಗಾಳಿ ಸೀಳಲಿ, ಇನ್ನೊಬ್ಬರು ಹಿಂದಿನ ಚಕ್ರದಿಂದ ಒಂದು ಮೀಟರ್ ಬಿಟ್ಟು ಬೆನ್ನಿಗೇ ಇರಲಿ. ಸರಿಯಾದ ಜಾಗ ಸಿಕ್ಕ ತಕ್ಷಣ ಕಿವಿಗೆ ಬಡಿಯುತ್ತಿದ್ದ ಗಾಳಿಯ ಸದ್ದು ತಗ್ಗುತ್ತದೆ, ಪೆಡಲ್ ಹಗುರವಾಗುತ್ತದೆ. ಅದೇ ಗುರುತು. ಮುಂದಿನವರು ಸುಮ್ನೆ ಬ್ರೇಕ್ ಹಾಕಬಾರದು. 'ಗುಂಡಿ', 'ನಿಲ್ತೀನಿ', 'ಕಾರು' ಅಂತ ಜೋರಾಗಿ ಕೂಗಿ ಹೇಳಬೇಕು. ಸಾಮಾನು ಹೇರಿದ ಸೈಕಲ್ ಅಷ್ಟು ಬೇಗ ನಿಲ್ಲುವುದಿಲ್ಲ.

ಕವಲು ದಾರಿ ಬಂದಲ್ಲೆಲ್ಲ ಮುಂದಿರುವವರು ನಿಲ್ಲಲೇಬೇಕು. ಏರಿನ ಮೇಲೆ ಕಾದವರು, ಹಿಂದಿನವರು ಬಂದು ಮುಟ್ಟಿದ ಮೇಲೆ ಇನ್ನೂ ಐದು ನಿಮಿಷ ಕಾಯಬೇಕು. ಈ ಒಂದು ನಿಯಮ ಪಾಲಿಸಿದರೂ ಪ್ರವಾಸ ಎಷ್ಟೋ ಸುಖವಾಗಿರುತ್ತದೆ.

ಗಂಟೆಗೊಮ್ಮೆ ಏನಾದರೂ ತಿನ್ನಿ, ಹಸಿವಾಗುವವರೆಗೆ ಕಾಯಬೇಡಿ. ಒಬ್ಬರು ಇದ್ದಕ್ಕಿದ್ದಂತೆ ಸುಮ್ಮನಾದರೆ ಅಥವಾ ಸಿಡಿಮಿಡಿಗೊಂಡರೆ ವಾದಕ್ಕೆ ಇಳಿಯುವ ಮೊದಲು ಬಾಳೆಹಣ್ಣು ಕೊಡಿ. ಎಷ್ಟೋ ಸಲ ಅದು ಹಸಿವೇ ಆಗಿರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಸೈಕಲ್ ಮುಟ್ಟದ ದಿನ ಇರಲಿ.

ರಸ್ತೆಯ ನಿಯಮಗಳು

ಈ ದಾರಿಯ ಎಲ್ಲ ದೇಶಗಳಲ್ಲೂ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ದೊಡ್ಡ ರಸ್ತೆಯಲ್ಲಿ ನೆನಪಿರುತ್ತದೆ. ಮರೆಯುವುದು ಖಾಲಿ ಹಳ್ಳಿ ರಸ್ತೆಯಲ್ಲಿ, ಬೆಳಗ್ಗೆ ಹೊರಡುವಾಗ. ಫಲಕ, ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. ನೀಲಿ ದುಂಡು ಫಲಕದಲ್ಲಿ ಬಿಳಿ ಸೈಕಲ್ ಕಂಡರೆ ಜರ್ಮನಿಯಲ್ಲಿ ಆ ಸೈಕಲ್ ದಾರಿಯಲ್ಲೇ ಹೋಗಬೇಕು. ಲಿಂಟ್ಸ್, ವಿಯೆನ್ನಾದಲ್ಲಿ ಟ್ರಾಮ್ ಹಳಿಗಳನ್ನು ಆದಷ್ಟು ನೇರ ಅಡ್ಡಕ್ಕೆ ದಾಟಿ. ಓರೆಯಾಗಿ ಹೋದರೆ ಚಕ್ರ ಹಳಿಯೊಳಗೆ ಸಿಕ್ಕಿ ಬೀಳುತ್ತೀರಿ, ಮಳೆಯಲ್ಲಂತೂ ಇನ್ನೂ ಅಪಾಯ. ಸ್ಪೇನ್‌ಗೆ ಹೋಗುವವರಿಗೆ ಊರ ಹೊರಗೆ ಹೆಲ್ಮೆಟ್ ಕಡ್ಡಾಯ. ಫ್ರಾನ್ಸ್, ಇಟಲಿ, ಸ್ಪೇನ್‌ನಲ್ಲಿ ರಾತ್ರಿ ಊರ ಹೊರಗೆ ಹೊಳೆಯುವ ಜಾಕೆಟ್ ಹಾಕಬೇಕು. ಕಾನೂನು ಇರಲಿ ಬಿಡಲಿ ಹೆಲ್ಮೆಟ್ ಹಾಕಿ. ತುರ್ತು ಸಂಖ್ಯೆ ಯುರೋಪಿಯನ್ ಒಕ್ಕೂಟದ ಎಲ್ಲೆಡೆ 112.

ಊಟ, ನೀರು, ಭಾನುವಾರ

ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಆಸ್ಟ್ರಿಯಾದಲ್ಲಿ ಶನಿವಾರ ಸಂಜೆ 6ಕ್ಕೇ ಬಾಗಿಲು ಹಾಕುತ್ತಾರೆ. ಮೇ, ಜೂನ್‌ನಲ್ಲಿ ಕ್ರೈಸ್ತ ಹಬ್ಬದ ರಜೆಗಳೂ ಒಂದರ ಹಿಂದೆ ಒಂದು ಬರುತ್ತವೆ. ಶನಿವಾರ ಮಧ್ಯಾಹ್ನವೇ ಬ್ರೆಡ್ಡು, ಚೀಸು, ಹಣ್ಣು, ಬೇಯಿಸುವವರಾದರೆ ಪಾಸ್ತಾ ತುಂಬಿಸಿಕೊಳ್ಳಿ. ಭಾನುವಾರ ಬೆಳಗ್ಗೆ ಕೆಲವು ಬೇಕರಿ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಸಸ್ಯಾಹಾರಿಗಳಿಗೆ ಚೀಸು ಹಾಕಿದ ಕೇಸೆಷ್ಪೆಟ್ಸ್‌ಲೆ ಎಂಬ ತಿನಿಸು ಹಳ್ಳಿ ಹೋಟೆಲಿನಲ್ಲೂ ಸಿಗುತ್ತದೆ. ಸೂಪು ತರಿಸುವ ಮುನ್ನ ಅದರಲ್ಲಿ ಮಾಂಸದ ಸಾರು ಇದೆಯಾ ಅಂತ ಕೇಳಿ.

ನೀರು ಖಾಲಿಯಾದರೆ ಊರಿನ ಸ್ಮಶಾನ ಹುಡುಕಿ. ಸಮಾಧಿಯ ಹೂಗಿಡಗಳಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ. 'ಕೈನ್ ಟ್ರಿಂಕ್‌ವಾಸರ್' ಅಂತ ಬರೆದಿದ್ದರೆ ಅದು ಕುಡಿಯುವ ನೀರಲ್ಲ. ಜರ್ಮನಿಯಲ್ಲಿ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ ಕೊಂಡರೆ 25 ಸೆಂಟ್ ಠೇವಣಿ ಸೇರಿರುತ್ತದೆ. ಬಿಸಾಡದೆ ಅಂಗಡಿಯ ಯಂತ್ರಕ್ಕೆ ಹಾಕಿ ವಾಪಸ್ ಪಡೆಯಿರಿ.

ತಂಗುವುದು

ಡ್ಯಾನ್ಯೂಬ್ ಉದ್ದಕ್ಕೂ ಕ್ಯಾಂಪಿಂಗ್ ಜಾಗಗಳಿವೆ. ಮನೆಯವರೇ ನಡೆಸುವ ಪುಟ್ಟ ವಸತಿಗಳೂ ಸಾಕಷ್ಟಿವೆ. 'ಟ್ಸಿಮ್ಮರ್ ಫ್ರೈ' ಅಂತ ಫಲಕ ಇದ್ದರೆ ರೂಮು ಖಾಲಿ ಇದೆ ಅಂತ ಅರ್ಥ. ಜರ್ಮನಿಯಲ್ಲಿ 'ಬೆಟ್+ಬೈಕ್' ಗುರುತು ಇರುವ ಕಡೆ ಸೈಕಲ್ಲಿಗೆ ಬೀಗ ಹಾಕುವ ಜಾಗವೂ ಬಟ್ಟೆ ಒಣಗಿಸಲು ವ್ಯವಸ್ಥೆಯೂ ಇರುತ್ತದೆ. ಫ್ರಾನ್ಸಿನಲ್ಲಿ ಇಂಥದ್ದಕ್ಕೆ 'ಅಕ್ಯೋಯ್ ವೆಲೋ' ಗುರುತು. ವಾರ್ಮ್‌ಶವರ್ಸ್ ಅನ್ನುವ ಜಾಲತಾಣದ ಮೂಲಕ ಸೈಕಲ್ ಪ್ರವಾಸಿಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವವರೂ ಸಿಗುತ್ತಾರೆ. ಎಲ್ಲೆಂದರಲ್ಲಿ ಟೆಂಟ್ ಹಾಕುವುದು ಸ್ವೀಡನ್, ನಾರ್ವೆಯಲ್ಲಿ ಕೆಲವು ಷರತ್ತಿನೊಂದಿಗೆ ಸರಿ. ಜರ್ಮನಿ, ನೆದರ್‌ಲೆಂಡ್ಸ್‌ನಲ್ಲಿ ಹಾಗೆ ಮಾಡುವಂತಿಲ್ಲ.

ಟೆಂಟ್ ಹಾಕುವವರೂ ಮೂರ್ನಾಲ್ಕು ರಾತ್ರಿಗೊಮ್ಮೆ ರೂಮು ಮಾಡಿ. ಒಬ್ಬರಿಗೆ ನೆಲದ ಮೇಲೆ ನಿದ್ದೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ನಿದ್ದೆಗೆಟ್ಟವರಿಂದ ಮರುದಿನ ಎಷ್ಟು ತೂಕ ಇಳಿಸಿದರೂ ಸಾಲದು. ಕೆಲವು ಚಿಕ್ಕ ವಸತಿ, ದೋಣಿಗಳಲ್ಲಿ ಕಾರ್ಡ್ ನಡೆಯದು, ನಗದು ಇಟ್ಟುಕೊಂಡಿರಿ.

ರೈಲು ಹತ್ತಲು ಹಿಂಜರಿಯಬೇಡಿ

ಪಾಸೌ–ವಿಯೆನ್ನಾ ದಾರಿಯ ಬಹುಪಾಲು ಊರುಗಳಿಂದ ರೈಲು ನಿಲ್ದಾಣ ದೂರವಿಲ್ಲ. ಒಬ್ಬರ ಮಂಡಿ ನೋಯುತ್ತಿದ್ದರೆ ಅವರು ರೈಲಿನಲ್ಲಿ ಮುಂದಿನ ಊರಿಗೆ ಹೋಗಿ ರೂಮು ನೋಡಿಕೊಳ್ಳಲಿ, ಇನ್ನೊಬ್ಬರು ತುಳಿದುಕೊಂಡು ಬರಲಿ. ಇಬ್ಬರಿಗೂ ಅದು ಒಳ್ಳೆಯ ದಿನವೇ. ಲೋಕಲ್ ರೈಲಿಗೆ ಸೈಕಲ್ ಟಿಕೆಟ್ ಬೇರೆ ಕೊಳ್ಳಬೇಕಾಗಬಹುದು. ಜರ್ಮನಿಯ ಐಸಿಇ, ಆಸ್ಟ್ರಿಯಾದ ರೈಲ್‌ಜೆಟ್‌ನಂಥ ವೇಗದ ರೈಲಿನಲ್ಲಿ ಸೈಕಲ್ ಜಾಗ ಮೊದಲೇ ಕಾಯ್ದಿರಿಸಬೇಕು. ಬೇಸಿಗೆಯಲ್ಲಿ ಅವು ಬೇಗ ತುಂಬುತ್ತವೆ. ಹತ್ತುವ ಮುಂಚೆ ಚೀಲಗಳನ್ನು ಬಿಚ್ಚಿ. ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ದಾಟಿಸಿದರೆ ನಿಮಿಷದೊಳಗೆ ಮುಗಿಯುತ್ತದೆ.

ರಿಪೇರಿ

ಪಂಕ್ಚರ್ ಹಾಕುವುದು ಇಬ್ಬರಿಗೂ ಬರಬೇಕು. ಎರಡು ಟ್ಯೂಬು, ಪ್ಯಾಚು, ಟೈರು ಬಿಚ್ಚುವ ಲಿವರ್, ಪಂಪು, ಅಲೆನ್ ಕೀ ಗೊಂಚಲು, ಚೈನ್ ಬಿಚ್ಚುವ ಸಾಧನ, ಚೈನ್ ಜೋಡಿಸುವ ಒಂದು ಕೊಂಡಿ, ಬ್ರೇಕ್ ಪ್ಯಾಡ್, ಚಕ್ರದ ಎರಡು ಕಡ್ಡಿ, ಕೇಬಲ್ ಟೈ, ಚೈನ್ ಎಣ್ಣೆ ಇದ್ದರೆ ಸಾಕು. ಮಳೆಯಲ್ಲಿ ತುಳಿದ ಸಂಜೆ ಚೈನನ್ನು ಒರೆಸಿ ಎಣ್ಣೆ ಹಾಕಿ. ಮಿಕ್ಕಿದ್ದಕ್ಕೆ ದಾರಿಯುದ್ದಕ್ಕೂ ಒಳ್ಳೆಯ ಅಂಗಡಿಗಳಿವೆ.

ವಾಪಸ್ ಹೊರಡುವಾಗ

ಸ್ವಂತ ಸೈಕಲ್ ಒಯ್ದವರು ವಿಯೆನ್ನಾ ತಲುಪುವ ಮೂರು ದಿನ ಮೊದಲೇ ಅಲ್ಲಿನ ಸೈಕಲ್ ಅಂಗಡಿಗಳಿಗೆ ಫೋನ್ ಮಾಡಿ ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟಿರಲು ಕೇಳಿ. ಹೊಸ ಸೈಕಲ್ ಬಂದ ಪೆಟ್ಟಿಗೆಗಳನ್ನು ಎಷ್ಟೋ ಅಂಗಡಿಯವರು ಪುಕ್ಕಟೆ ಕೊಡುತ್ತಾರೆ. ಪೆಡಲ್ ಬಿಚ್ಚುವಾಗ ಬಲಗಡೆಯದನ್ನು ಎಂದಿನಂತೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ, ಎಡಗಡೆಯದನ್ನು ಗಡಿಯಾರದ ದಿಕ್ಕಿಗೆ. ಎಡ ಪೆಡಲ್‌ನ ತಿರುಪು ಉಲ್ಟಾ ಇರುತ್ತದೆ, ಶಕ್ತಿ ಹಾಕಿದಷ್ಟೂ ಬಿಗಿಯಾಗುತ್ತಿದ್ದರೆ ತಪ್ಪು ದಿಕ್ಕಿಗೆ ತಿರುಗಿಸುತ್ತಿದ್ದೀರಿ ಅಂತ ತಿಳಿಯಿರಿ. ಹ್ಯಾಂಡಲ್ ತಿರುಗಿಸಿ, ಸೀಟು ಇಳಿಸಿ, ಟೈರಿನ ಗಾಳಿ ಸ್ವಲ್ಪ ಬಿಡಿ. ಹಿಂದಿನ ಗೇರಿನ ಭಾಗಕ್ಕೆ ಬಟ್ಟೆ ಸುತ್ತಿ. ಒಲೆಯ ಗ್ಯಾಸ್ ಡಬ್ಬಿ ವಿಮಾನದಲ್ಲಿ ಎಲ್ಲೂ ಇಡುವಂತಿಲ್ಲ, ಕ್ಯಾಂಪಿಂಗ್ ಜಾಗದಲ್ಲಿ ಬೇರೆ ಪ್ರವಾಸಿಗಳಿಗೆ ಕೊಟ್ಟುಬಿಡಿ. ಪವರ್ ಬ್ಯಾಂಕ್ ಪೆಟ್ಟಿಗೆಯಲ್ಲಿ ಬೇಡ, ಕೈಚೀಲದಲ್ಲಿರಲಿ. ಬಿಚ್ಚಿದ ಬೋಲ್ಟುಗಳನ್ನೆಲ್ಲ ಒಂದು ಪುಟ್ಟ ಚೀಲಕ್ಕೆ ಹಾಕಿ ಸೈಕಲ್ಲಿಗೇ ಟೇಪ್ ಹಚ್ಚಿ ಅಂಟಿಸಿ.